ಶನಿವಾರದ ಕೆಂಡ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದಾಗ, ಕೊಡ್ಲಿಪೇಟೆ ಕಡೆಯ ಎಸ್ಟೇಟಿನ ಕೂಲಿಲೈನಿನಲ್ಲಿ ಅವಳು ನನ್ನ ಪಕ್ಕದ ಮನೆಯವಳು. ಯೇಸುಸ್ವಾಮಿಯನ್ನು ನಂಬಿದವಳು. ಯಾರಾದರೂ ಅವಳಿಗೆ ಕೆಟ್ಟದ್ದು ಮಾಡಿದರೆ ಶನಿವಾರ ಸಂಜೆ ಕರಟ ಹಿಡಿದು ಅವರ ಮನೆಗೇ ಕೆಂಡ ಕೇಳಲು ಹೋಗುತ್ತಿದ್ದಳು. ಅವಳ ಒಲೆ ಉರಿಯುತ್ತಲೇ ಇರುತ್ತಿತ್ತು. ಕೆಂಡ ಕೇಳಿದಳೆಂದರೆ ಕ್ಷಮಿಸಿದಳೆಂದು ಲೈನಿಗೆಲ್ಲ ಗೊತ್ತಿತ್ತು.

"ನಾಳೆ ಪೂಜೆ ಐತಲ್ಲಕ್ಕ, ಸಿಟ್ಟು ಹೊತ್ಕೊಂಡು ಇಗರ್ಜಿಗೆ ಹೆಂಗ್ ಹೋಗ್ಲಿ?" ಎನ್ನುತ್ತಿದ್ದಳು.

ನನ್ನ ಸ್ವಂತ ಅಕ್ಕ ಅದೇ ಲೈನಿನ ಕೊನೆಯ ಮನೆಯಲ್ಲಿದ್ದಳು. ಅವ್ವನ ಕಿವಿಯೋಲೆಗಾಗಿ ಜಗಳವಾಡಿ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಒಮ್ಮೆ ಅಕ್ಕನ ಮೇಕೆ ಪಕ್ಕದವಳ ಅವರೆ ಸಾಲನ್ನೆಲ್ಲ ಮೇಯಿತು. ಕೇಳಲು ಹೋದವಳಿಗೆ ಅಕ್ಕ, "ಜಾತಿ ಬಿಟ್ಟೋಳು, ನಂಗೇನೇ ಹೇಳೋಕ್ ಬರ್ತೀಯ?" ಎಂದು ಉಗಿದಳು.

ಈ ಸಲ ಇವಳು ಹೋಗಲಾರಳು ಎಂದು ನನಗೆ ಖುಷಿಯೇ ಆಯಿತು. ಶನಿವಾರ ಹೋದಳು. ಅಕ್ಕ ಕೆಂಡ ಕೊಟ್ಟಳು, ಕೂರಿಸಿ ಕಾಫಿಯನ್ನೂ ಕೊಟ್ಟಳು. ಇಬ್ಬರ ನಗು ನನ್ನ ಜಗಲಿಯವರೆಗೂ ಕೇಳಿಸಿತು. ಒಡಹುಟ್ಟಿದವಳು ನಾನು, ನಗುವುದು ಅವಳ ಜೊತೆ.

ಪಕ್ಕದವಳು ಆ ಎಸ್ಟೇಟು ಬಿಟ್ಟುಹೋದ ಮೇಲೆ ಒಂದು ಸಂಜೆ ಅಕ್ಕ ಕರಟ ಹಿಡಿದು ನನ್ನ ಬಾಗಿಲಲ್ಲಿ ನಿಂತಳು. ಅವಳ ಮನೆಯ ಹೆಂಚಿನಿಂದ ಹೊಗೆ ಏಳುತ್ತಿತ್ತು.

"ಕೆಂಡ ಐತೇನೇ?"

"ಇವತ್ತು ಶನಿವಾರ ಅಲ್ವಲ್ಲ" ಎಂದೆ.

"ಗೊತ್ತು ಕಣೇ, ಕೊಡು."

ಕೊಟ್ಟೆ. ಆದರೆ ನನ್ನ ಮನೆಗೆ ಬರುವುದನ್ನೂ ನನ್ನ ಅಕ್ಕ ಆ ಹೆಂಗಸಿನಿಂದಲೇ ಕಲಿಯಬೇಕಾಯಿತು. ಆ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.