ಸರಿಂತೆನ್ ಅಳತೆಯ ಸೈಕಲ್

ಸರಿಂತೆನ್ ಎಷ್ಟು ಗಿಡ್ಡ ಅಂದರೆ, ನನ್ನ ಅನ್ನದಂಗಡಿಯ ಬೆಂಚಿನ ಮೇಲೆ ಕೂತರೆ ಅವಳ ಕಾಲು ಗಾಳಿಯಲ್ಲೇ ಇರುತ್ತದೆ. ಬಾಟಿಕ್ ಬಟ್ಟೆಯ ಮೇಲೆ ಬಿಸಿ ಮೇಣದ ಚಿತ್ತಾರ ಎಳೆಯುವುದು ಅವಳ ಕಸುಬು. ಬಾಯಿ ಸತ್ತವಳು. ಚಹಾ ತಣ್ಣಗಾಗಿದ್ದರೂ ಚೆನ್ನಾಗಿದೆ ಅನ್ನುವ ಜಾತಿ. ನಮ್ಮ ಜೋಗ್ಜಾ ಊರಿನಲ್ಲಿ ಅದನ್ನೇ ಮರ್ಯಾದೆ ಅನ್ನುತ್ತಾರೆ. ನನಗಂತೂ ಅಂಥವರನ್ನು ಕಂಡರೆ ಮೈ ಉರಿಯುತ್ತದೆ.

ಅವಳ ಗಂಡ ಹಾರ್ಜೊ ಸೈಕಲ್ ಹುಚ್ಚ. ಹಿಂದೆ ಮುಂದೆ ಚೀಲ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ. ಒಂದು ಸಲ ಹೆಂಡತಿಗೂ ಅಂಥದ್ದೇ ದೂರದಾರಿಯ ಸೈಕಲ್ ಕೊಡಿಸಿ, ಬೆಟ್ಟ ದಾಟಿ ತಾನು ಹುಟ್ಟಿದ ಊರಿಗೆ ಹೊರಡಿಸಿದ. ವೊನೊಸಾರಿಯ ಇಳಿಜಾರಿನ ತಿರುವಿನಲ್ಲಿ ಸರಿಂತೆನ್ ನಿಲ್ಲಿಸಲು ಹೋಗಿ ವಾಲಿ ಬಿದ್ದಳು. ಹಿಂದಿದ್ದ ಹಾರ್ಜೊ ಅವಳನ್ನು ತಪ್ಪಿಸಲು ಹೋಗಿ ಲಾರಿಯಡಿ ಸಿಕ್ಕಿ ಸತ್ತ. ಆ ಸೈಕಲ್ ಮಾರಿದವನು ನನ್ನ ತಮ್ಮ ಮುಜಿರಾನ್. ಅವನ ಅಂಗಡಿ ನನ್ನದಕ್ಕೆ ಅಂಟಿಕೊಂಡೇ ಇದೆ. ಬ್ರೇಕು ಕೈಕೊಟ್ಟಿತು ಅಂತ ಕೇರಿ ಮಾತಾಡಿತು. ಅವನೂ ಅಲ್ಲಗಳೆಯಲಿಲ್ಲ, ಸರಿಂತೆನ್ನೂ ಅಲ್ಲಗಳೆಯಲಿಲ್ಲ.

ಅಂದಿನಿಂದ ಹಾರ್ಜೊ ಅವಳ ಕನಸಿಗೆ ಬರತೊಡಗಿದ. ಆ ತಿರುವಿನಲ್ಲಿ ಸೈಕಲ್ ಹಿಡಿದು ನಿಂತಿರುತ್ತಾನಂತೆ, ಮಾತಿಲ್ಲ ಕತೆಯಿಲ್ಲ. ಹಗಲು ಮೇಣ ಕಾಯಿಸುವಾಗಲೂ ಹಿತ್ತಲಲ್ಲಿ ಸೈಕಲ್ ಗಂಟೆ ಕೇಳಿಸಿ ಎದ್ದು ಓಡುತ್ತಿದ್ದಳು. ಒಣಗಿ ಕಡ್ಡಿಯಾದಳು. ಉಪವಾಸದ ತಿಂಗಳಿಗೆ ಮುಂಚೆ ಎಲ್ಲರೂ ತಮ್ಮ ಸತ್ತವರಿಗೆ ಹೂ ಹಾಕುವಾಗ ಅವಳೂ ಬಸ್ಸಿನಲ್ಲಿ ಹೋಗಿ ಆ ತಿರುವಿನಲ್ಲಿ ಹೂ ಚೆಲ್ಲಿ ಬಂದಳು. ಏನೂ ಪ್ರಯೋಜನವಾಗಲಿಲ್ಲ.

"ಅವ್ರು ಬದುಕಿದ್ದಾಗ್ಲೇ ಬಸ್ ಹತ್ತಿದವರಲ್ಲ ಅಕ್ಕ," ಅಂದಳು ನನ್ನ ಹತ್ತಿರ. "ಸೈಕಲ್ಲಲ್ಲೇ ಹೋಗಿ ಆ ದಾರಿ ಮುಗಿಸ್ಬೇಕು. ಅಲ್ಲೀವರೆಗೂ ಅವ್ರು ಅಲ್ಲಿಂದ ಕದಲಲ್ಲ."

ಈ ಮಾತು ಕಿವಿಗೆ ಬಿದ್ದದ್ದೇ ತಡ, ಮುಜಿರಾನ್ ಊಟ ನಿದ್ದೆ ಬಿಟ್ಟು ಅವಳಿಗೊಂದು ಸೈಕಲ್ ಹುಡುಕಿದ. ಆ ಕುಳ್ಳಿಗೆ ಅಷ್ಟು ದೂರದ ಸೈಕಲ್ ಎಲ್ಲಿ ಸಿಗಬೇಕು? ಮಕ್ಕಳದು ಚೀಲದ ಭಾರ ತಡೆಯದು. ದೊಡ್ಡವರದರಲ್ಲಿ ಸೀಟನ್ನು ಪೂರ್ತಿ ಇಳಿಸಿದರೂ ಹ್ಯಾಂಡಲ್ ಕೈಗೆಟುಕದು. ಕೊನೆಗೆ ಸೋಲೊದ ಹಳೇ ಸಾಮಾನಿನ ಸಂತೆಯಿಂದ ಒಂದು ನೀಲಿ ಸೈಕಲ್ ತಂದ. ಹ್ಯಾಂಡಲ್ ಹತ್ತಿರ ಮಾಡಿ, ಬ್ರೇಕು ಅವಳ ಬೆರಳಿಗೆ ಸಿಗುವಂತೆ ತಿರುಗಿಸಿ, ಹಲ್ಲು ಕಿರಿಯುತ್ತ ನಿಂತ.

ಸರಿಂತೆನ್ ಹತ್ತಿದಳು. ನಾನು ಸೌಟು ಹಿಡಿದೇ ಹೊರಗೆ ಬಂದೆ. ಅವಳ ಹೆಬ್ಬೆರಳ ತುದಿ ಮಾತ್ರ ನೆಲ ಮುಟ್ಟುತ್ತಿತ್ತು.

"ಸರಿ ಇದೆಯಾ, ಬು?" ಅಂತ ಕೇಳಿದ ಮುಜಿರಾನ್. ಬು ಅಂದರೆ ನಮ್ಮಲ್ಲಿ ಅಮ್ಮಾ ಅಂದಂತೆ.

"ಹೂಂ, ಚೆನ್ನಾಗಿದೆ," ಅಂದಳು.

ನನಗೆ ತಡೆಯಲಾಗಲಿಲ್ಲ. "ಏನೇ ಚೆನ್ನಾಗಿರೋದು? ಕಾಲು ನೇತಾಡ್ತಿದೆ. ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ?"

ಅವಳು ಇಳಿಯಲಿಲ್ಲ.

"ದೊಡ್ಡದು," ಅಂದಳು. "ಅವತ್ತಿನ ಸೈಕಲ್ಲೂ ದೊಡ್ಡದೇ ಆಗಿತ್ತು. ಅಷ್ಟು ಆಸೆಯಿಂದ ಕೊಡಿಸಿದ್ರು, ಹೆಂಗೆ ಹೇಳ್ಲಿ? ಸರಿ ಇದೆ ಅಂದ್ಬಿಟ್ಟೆ. ಬ್ರೇಕು ಹಿಡೀತು, ಮುಜಿರಾನ್. ಕಾಲು ನೆಲಕ್ಕೆ ಸಿಗಲಿಲ್ಲ."

ತನ್ನ ಬ್ರೇಕೇ ಕೊಂದಿತು ಅಂತ ಇಷ್ಟು ವರ್ಷ ಕೊರಗಿದವನು ಇನ್ನಾದರೂ ಹಗುರಾಗುತ್ತಾನೆ ಅಂದುಕೊಂಡೆ. ಅವನು ಸೈಕಲ್ ಪಕ್ಕದಲ್ಲೇ ಕುಸಿದು ಕೂತ.

"ಬ್ರೇಕು ಸರಿಯಿತ್ತು ಅಂತ ನಂಗೊತ್ತು, ಬು. ಸೈಕಲ್ ಕೊಂಡ ದಿನ ನಿಮ್ಮ ಹಿಮ್ಮಡಿ ನೆಲಕ್ಕೆ ಸಿಗದಿದ್ದನ್ನ ನಾನೂ ನೋಡ್ದೆ. ಹಾರ್ಜೊ ಮುಖದ ಖುಷಿ ನೋಡಿ ಸುಮ್ಮನಾದೆ."

ಒಳಗೆ ನನ್ನ ಪಲ್ಯ ಸೀದು ಹೋಯಿತು.

ಎರಡೂ ಪಾದ ಪೂರ್ತಿ ಊರುವಂಥ, ಚಿಕ್ಕ ಗಾಲಿಯ ಗಟ್ಟಿ ಸೈಕಲ್ ಸಿಗುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಸರಿಂತೆನ್ ಒಬ್ಬಳೇ ಹೋದಳು. ತಿರುವಿನಲ್ಲಿ ನಿಂತು, ನಡೀರಿ ಹೋಗೋಣ ಅಂತ ಗಂಡನನ್ನು ಕರೆದಳಂತೆ. ಅವನ ಊರು ಮುಟ್ಟಿ ಬಂದಳು. ಈಗ ಮೈಕೈ ತುಂಬಿಕೊಂಡಿದ್ದಾಳೆ, ಗಂಟೆ ಕೇಳಿಸುವುದೂ ನಿಂತಿದೆ. ಹಾರ್ಜೊ ಅವಳ ಕನಸಿಗೆ ಬರುವುದಿಲ್ಲ. ನನ್ನ ತಮ್ಮನ ಕನಸಿಗೆ ಬರುತ್ತಾನೆ.