ಕಿಡ್ನಿ ನಿಯಮಕ್ಕೆ ಗೂಳಪ್ಪನ ತಕರಾರು

ಬನಹಟ್ಟಿಯ ಗೂಳಪ್ಪನಿಗೆ ನೇಕಾರಿಕೆ ಹೊಟ್ಟೆಪಾಡು, ತಕರಾರು ಕಸುಬು. ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮುಗಳು ಖಟಪಟ ಎನ್ನುತ್ತಿದ್ದರೆ ಮುಂದಿನ ಕಟ್ಟೆಯ ಮೇಲೆ ಅವನು ಪೇಪರು ಹರಡಿಕೊಂಡು ಕೂತಿರುತ್ತಾನೆ. ಉಳಿದವರು ಮೊದಲು ನಿಧನವಾರ್ತೆ ಓದಿದರೆ ಇವನು ಹುಡುಕುವುದು ಸಾರ್ವಜನಿಕ ಪ್ರಕಟಣೆ. ‘ಆಕ್ಷೇಪಣೆಗಳಿದ್ದಲ್ಲಿ ಲಿಖಿತವಾಗಿ ಸಲ್ಲಿಸತಕ್ಕದ್ದು’ ಎಂಬ ಸಾಲು ಕಂಡರೆ ಮದುವೆಗೆ ಕರೆ ಬಂದಂತೆ ಹಿಗ್ಗುತ್ತಾನೆ. ರಬಕವಿ ರಸ್ತೆಯ ತಿರುವಿಗೆ, ಜಮಖಂಡಿ ಬಸ್ಸಿನ ವೇಳೆಗೆ, ಬೀಳಗಿ ಕಡೆ ಯಾರದೋ ಹೊಲದ ಮೇಲೆ ಹಾಯುವ ಕರೆಂಟಿನ ತಂತಿಗೆ ಅವನ ಆಕ್ಷೇಪಣೆ ಹೋಗಿದೆ. ಮುಧೋಳದಲ್ಲಿ ಕಟ್ಟಲಿದ್ದ ಸಮುದಾಯ ಭವನದ ಬಾಗಿಲು ಯಾವ ದಿಕ್ಕಿಗಿರಬೇಕೆಂದೂ ಬರೆದು ಕಳಿಸಿದ್ದ. ಆ ಜಾಗವನ್ನು ಅವನು ನೋಡಿಯೇ ಇರಲಿಲ್ಲ.

ಒಂದಕ್ಕೂ ಉತ್ತರ ಬಂದಿಲ್ಲ. ನಮ್ಮ ಕಚೇರಿಗಳು ಆಕ್ಷೇಪಣೆ ಕೇಳುವುದು, ಹೊರಟು ನಿಂತ ನೆಂಟರಿಗೆ ‘ಊಟ ಮಾಡ್ಕೊಂಡ ಹೋಗ್ರಲ್ಲ’ ಎಂದ ಹಾಗೆ. ನೆಂಟ ನಿಜವಾಗಿ ತಿರುಗಿ ಬಂದು ಕೂತನೆಂದರೆ ಮನೆಯವರ ಮುಖ ನೋಡಬೇಕು. ಕಚೇರಿಗೆ ನಾಚಿಕೆಯಿಲ್ಲ, ಗೂಳಪ್ಪನಿಗೆ ದಣಿವಿಲ್ಲ. ಇಬ್ಬರ ಸಂಸಾರ ಚೆನ್ನಾಗಿಯೇ ಸಾಗಿತ್ತು.

ಅಷ್ಟರಲ್ಲಿ ಅವನ ಕಿಡ್ನಿ ಕೈಕೊಟ್ಟಿತು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಮೊದಲೇ ಇದ್ದವು. ಜಮಖಂಡಿಯ ದುಂಡೇಶ ಡಾಕ್ಟರು ರಕ್ತದ ವರದಿ ನೋಡಿ, ಕಿಡ್ನಿ ಅರ್ಧಮರ್ಧ ಕೆಲಸ ಮಾಡುತ್ತಿದೆ, ಉಪ್ಪು ಇಳಿಸದೆ, ಗುಳಿಗೆ ನುಂಗದೆ ಹೋದರೆ ಮುಂದೊಂದು ದಿನ ಡಯಾಲಿಸಿಸ್ ಮಂಚವೇ ಗತಿ ಎಂದರು. ಡಯಾಲಿಸಿಸ್ ಎಂದ ಕೂಡಲೇ ಹೆಂಡತಿ ಯಲ್ಲವ್ವನ ಸೆರಗು ಬಾಯಿಗೆ ಹೋಯಿತು. ಗೂಳಪ್ಪನ ಮುಖ ಕಪ್ಪಿಟ್ಟದ್ದು ಉಪ್ಪು ಎಂದಾಗ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಕುಟ್ಟಿದ ರಂಜಕ ಇಲ್ಲದೆ ಅವನ ಗಂಟಲಲ್ಲಿ ರೊಟ್ಟಿ ಇಳಿದದ್ದೇ ಇಲ್ಲ.

ಸಿಟ್ಟನ್ನು ಅವನು ಚೀಟಿಯಲ್ಲಿ ಬರೆದ ಹೊಸ ಗುಳಿಗೆಯ ಮೇಲೆ ತೆಗೆದ. “ಹೋದ ಸಲ ಇದು ಇರ್ಲಿಲ್ಲಲ್ರಿ ಸಾಹೇಬ್ರ. ಈಗೆಲ್ಲಿಂದ ಬಂತು?”

“ನಿಯಮ ಬದಲಾತ್ರಿ. ದೊಡ್ಡ ದೊಡ್ಡ ಅಧ್ಯಯನ ಆದುವು, ಇದು ಕಿಡ್ನಿ ಕಾಯ್ತೈತಿ ಅಂತ ಗೊತ್ತಾತು. ಅದಕ್ಕ ಮಾರ್ಗಸೂಚಿಯೊಳಗ ಸೇರಿಸ್ಯಾರ.”

“ಯಾರನ್ನ ಕೇಳಿ ಸೇರಿಸಿದ್ರು?”

ಡಾಕ್ಟರು ಊರಿಗೆ ಹೊಸಬರು, ಎದುರಿಗೆ ಕೂತವನ ಚರಿತ್ರೆ ಗೊತ್ತಿರಲಿಲ್ಲ. “ಎಲ್ಲಾರನ್ನೂ ಕೇಳ್ತಾರ್ರಿ. ಕಿಡ್ನಿ ತಜ್ಞರ ಸಮಿತಿ ಮೊದಲ ಕರಡು ಬರದು ಇಂಟರ್‌ನೆಟ್‌ನ್ಯಾಗ ಹಾಕ್ತೈತಿ. ಪೇಶಂಟ್ ಮಂದಿನೂ ಅಭಿಪ್ರಾಯ ಕಳಸಬಹುದು. ಊಟ, ಗುಳಿಗಿ ಎರಡರ ಬಗ್ಗೆನೂ ಈಗೊಂದು ಕರಡು ಬಂದೈತಿ ನೋಡ್ರಿ.”

“ಅಂದ್ರ, ಆಕ್ಷೇಪಣೆ ತಗೋತಾರ?”

“ತಗೋತಾರ್ರಿ.”

ಯಲ್ಲವ್ವ ಹಿಂದಿನಿಂದ ಡಾಕ್ಟರಿಗೆ ಬೇಡ ಬೇಡವೆಂದು ಕೈಸನ್ನೆ ಮಾಡುತ್ತಿದ್ದಳು. ಹೊತ್ತು ಮೀರಿತ್ತು.

ಅವರ ಮಗಳು ಪೂರ್ಣಿಮಾ ರಬಕವಿಯಲ್ಲಿ ಹೈಸ್ಕೂಲು ಟೀಚರು. ಶಾಲೆ ಮುಗಿಸಿ ಬಂದವಳನ್ನು ಚಹಾ ಕುಡಿಯಲೂ ಬಿಡದೆ ಗೂಳಪ್ಪ ಮೊಬೈಲಿನಲ್ಲಿ ಕರಡು ತೆಗೆಸಿದ. ಅವಳು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳತೊಡಗಿದಳು. ಮೊದಲು ಪ್ರಶ್ನೆ ಗೊತ್ತು ಮಾಡುತ್ತಾರಂತೆ. ಆಮೇಲೆ ಜಗತ್ತಿನಲ್ಲಿ ಆ ಪ್ರಶ್ನೆಯ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ರಾಶಿ ಹಾಕಿ, ಜೋಳ ಸಾಣಿಗೆ ಹಿಡಿದ ಹಾಗೆ ಹಿಡಿದು, ಯಾವ ಪುರಾವೆ ಗಟ್ಟಿ, ಯಾವುದು ಜೊಳ್ಳು ಎಂದು ದರ್ಜೆ ಕಟ್ಟುತ್ತಾರಂತೆ. ಗಟ್ಟಿಯಿದ್ದರೆ ‘ಹೀಗೇ ಮಾಡಿ’, ಸಾಧಾರಣವಿದ್ದರೆ ‘ಹೀಗೆ ಮಾಡಬಹುದು’. ಹೊಸ ಪುರಾವೆ ಬಂದರೆ ಮತ್ತೆ ಕೂತು ತಿದ್ದುತ್ತಾರಂತೆ.

“ಇಲ್ಲೊಂದು ಕಡೆ ‘ನಮಗೆ ಖಾತ್ರಿಯಿಲ್ಲ’ ಅಂತ ಬರದಾರ ನೋಡಪ್ಪಾ.”

ಗೂಳಪ್ಪ ಕನ್ನಡಕ ತೆಗೆದ. “ಗೊತ್ತಿಲ್ಲಂತ ಬರದು ಕೊಟ್ಟಾರ? ಸಹಿ ಮಾಡಿ?” ಅಂಥ ಕಚೇರಿಯನ್ನು ಅವನು ಕಂಡಿರಲಿಲ್ಲ.

ಆದರೂ ಉಪ್ಪಿನ ಕಲಂ ಬಂದಾಗ ಬಿಡಲಿಲ್ಲ. ಎದ್ದು ನಿಂತು ಬರೆಸಿದ: “ಈ ಸಮಿತಿಯಲ್ಲಿ ಜೋಳದ ರೊಟ್ಟಿ ತಿನ್ನುವವರು ಎಷ್ಟು ಮಂದಿ ಎಂಬುದನ್ನು ಬಹಿರಂಗಪಡಿಸತಕ್ಕದ್ದು. ರಂಜಕ ತಿನ್ನದವರಿಗೆ ಉಪ್ಪಿನ ಬಗ್ಗೆ ಮಾತನಾಡುವ ಅಧಿಕಾರವಿರುವುದಿಲ್ಲ. ಕಾರಣ ರಬಕವಿ-ಬನಹಟ್ಟಿ ನಗರಸಭೆ ವ್ಯಾಪ್ತಿಗೆ ಸದರಿ ನಿಯಮದಿಂದ ವಿನಾಯಿತಿ ನೀಡತಕ್ಕದ್ದು.”

ಪೂರ್ಣಿಮಾ ತುಟಿ ಕಚ್ಚಿಕೊಂಡು ಇಂಗ್ಲಿಷಿಗೆ ತಿರುಗಿಸಿ ಕಳಿಸಿದಳು. ಕೆಲವು ವಾರಗಳಾದ ಮೇಲೆ ಅನಾಹುತವೊಂದು ನಡೆಯಿತು. ಉತ್ತರ ಬಂತು.

ತಮ್ಮ ಆಕ್ಷೇಪಣೆಯನ್ನು ಸಭೆಯಲ್ಲಿ ಓದಿದೆವು. ಆಯಾ ಊರಿನ ಊಟ ನೋಡಿ ಸಲಹೆ ಕೊಡಬೇಕೆಂಬುದು ಸರಿ, ಆ ಮಾತನ್ನು ಸ್ಪಷ್ಟ ಮಾಡುತ್ತೇವೆ. ವಿನಾಯಿತಿ ಒಪ್ಪಲಾಗದು, ಕಾರಣಗಳು ಇವು. ಬೇರೆ ಪುರಾವೆ ಇದ್ದರೆ ಕಳಿಸಿ, ಮುಂದಿನ ಪರಿಷ್ಕರಣೆಯಲ್ಲಿ ನೋಡುತ್ತೇವೆ.

ಗೂಳಪ್ಪ ಅಂದು ಕಟ್ಟೆಗೆ ಬರಲಿಲ್ಲ. ಉತ್ತರ ಬಂದ ಆಕ್ಷೇಪಣೆಯನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. “ಬೈದಿದ್ರ ಛಲೋ ಇತ್ತು,” ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಈ ಸೋಲಿನ ಹೊತ್ತು ನೋಡಿಯೇ ವೀರಣ್ಣ ಬಂದ. ನೂಲಿನ ದಲ್ಲಾಳಿ, ಈಚೆಗೆ ಔಷಧಿ ಪುಡಿಯ ಡಬ್ಬಿಗಳ ಸರಪಳಿ ವ್ಯಾಪಾರದಲ್ಲಿ ಕುತ್ತಿಗೆಮಟ ಮುಳುಗಿದ್ದ. “ಮಾವಾ, ಚಮಚಾ ಪುಡಿ ನೀರಾಗ ಹಾಕಿ ಕುಡಿ. ಮ್ಯಾಲ ಎಷ್ಟಾರ ಉಪ್ಪು ತಿನ್ನು. ಆ ಡಾಕ್ಟರನ ಗುಳಿಗಿ ತಿಪ್ಪಿಗೊಗಿ.”

ಈ ಪುಡಿಗೆ ಕರಡಿರಲಿಲ್ಲ, ಸಮಿತಿಯಿರಲಿಲ್ಲ. ಒಳಗೇನಿದೆ ಎಂದು ಮಾರುವವನಿಗೂ ಗೊತ್ತಿರಲಿಲ್ಲ. ಡಬ್ಬಿಯ ಮೇಲೊಂದು ಗಡ್ಡದ ಚಿತ್ರ, ವಾಟ್ಸಾಪಿನಲ್ಲಿ ಗುಣವಾದೆನೆಂದು ಅಳುವ ಒಬ್ಬ ಹೆಂಗಸು. ಇಂಥ ಡಬ್ಬಿ ನಂಬಿ ಇದ್ದ ಕಿಡ್ನಿಯನ್ನೂ ಕಳೆದುಕೊಂಡವರು ಊರೂರಲ್ಲಿದ್ದಾರೆ. ಡಾಕ್ಟರನ್ನು ‘ಪುರಾವೆ ಎಲ್ಲಿ’ ಎಂದು ಜಾಡಿಸುವ ಮಂದಿ ಡಬ್ಬಿಯ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಗೂಳಪ್ಪನೂ ನಿಂತ. ಡಬ್ಬಿ ಮನೆ ಹೊಕ್ಕಿತು. ನಾಳೆ ಬೆಳಿಗ್ಗೆಯಿಂದ ಪುಡಿ ಶುರು, ಗುಳಿಗೆ ಬಂದ್ ಎಂದು ಸಾರಿದ. ಯಲ್ಲವ್ವ ಬೈದಳು, ಅತ್ತಳು, ಮನೆಯ ಚಮಚಗಳನ್ನೆಲ್ಲ ಮುಚ್ಚಿಟ್ಟಳು.

ಅವನನ್ನು ತಡೆದದ್ದು ಅವನ ಚಟವೇ. ಇನ್ನೊಂದು ತಕರಾರಿಗೆ ಎಡೆ ಸಿಕ್ಕೀತೆಂದು ಸಂಜೆ ಮಗಳಿಂದ ಕರಡಿನ ಕೊನೆಯ ಪುಟಗಳನ್ನು ಓದಿಸಿದ. ಅಲ್ಲಿ ಸಮಿತಿಯವರು ಯಾರ್‍ಯಾರು ಯಾವ ಕಂಪನಿಯಿಂದ ಏನು ತೆಗೆದುಕೊಂಡಿದ್ದಾರೆಂದು ತಾವೇ ಬರೆದಿದ್ದರು. ಒಬ್ಬ ಡಾಕ್ಟರ್ ಒಂದು ಗುಳಿಗೆ ಕಂಪನಿಯಲ್ಲಿ ಭಾಷಣ ಮಾಡಿ ಹಣ ಪಡೆದಿದ್ದನಂತೆ. ಆ ಗುಳಿಗೆಯ ಬಗ್ಗೆ ಮತ ಹಾಕುವಾಗ ಎದ್ದು ಹೊರಗೆ ಹೋದನಂತೆ.

“ಎದ್ದು ಹೋದ್ನಾ? ಯಾರೂ ದಬ್ಬಲಾರದ?”

“ಅದ ಅಲ್ಲಿ ನಿಯಮ ಅಪ್ಪಾ.”

ಗೂಳಪ್ಪ ತೊಡೆ ತಟ್ಟಿದ. ಇಷ್ಟು ಚಂದದ ನಿಯಮ ಬನಹಟ್ಟಿಯಲ್ಲಿ ಯಾಕಿರಬಾರದು?

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಮೂವರು ಬಂದು ಕೂತಿದ್ದರು. ವೀರಣ್ಣ ಬಾಯಿ ತೆಗೆದ. “ಪುಡಿ ಸುರು ಮಾಡಿದ್ಯೋ ಇಲ್ಲೋ ಮಾವಾ?”

“ವೀರಣ್ಣಾ, ಈ ಪುಡಿ ನೀ ಮಾರ್ತಿ, ಹೌದಲ್ಲೋ?”

“ಮಾರೂದಲ್ಲ ಮಾವಾ. ಸೇವಾ.”

“ಸೇವಾಕ ಕಮಿಷನ್ ಎಷ್ಟು?”

ವೀರಣ್ಣ ಆಕಾಶ ನೋಡಿದ.

“ಎದ್ದು ಆ ಲೈಟಿನ ಕಂಬದ ಹಂತ್ಯಾಕ ಹೋಗಿ ನಿಂದ್ರು. ಪುಡಿ ಮಾತು ಮುಗದ ಮ್ಯಾಲ ಕರೀತೇನಿ.”

ತಮಾಷೆಯೆಂದು ವೀರಣ್ಣ ನಕ್ಕ. ಗೂಳಪ್ಪ ನಗಲಿಲ್ಲ. ವೀರಣ್ಣ ಹೋಗಿ ನಿಂತ. ಎಳನೀರು ಮಾರುವ ಪರಸಪ್ಪ ಖುಷಿಯಾಗಿ, “ಪುಡಿಗಿಡಿ ಯಾಕ ಬೇಕೋ ಕಾಕಾ, ದಿನಾ ಒಂದು ಎಳನೀರು ಕುಡದ್ರ ಕಿಡ್ನಿ ತೊಳದಿಟ್ಟಂಗ...” ಎನ್ನುತ್ತಿದ್ದವನು ತನ್ನ ಮಾತು ತನಗೇ ಕೇಳಿಸಿ ನಿಂತುಬಿಟ್ಟ.

“ಎಳನೀರು ನನಗ ಆಗೂದಿಲ್ಲಂತ ಡಾಕ್ಟರ್ ಹೇಳ್ಯಾರ. ನಡಿ ನೀನೂ.”

ಹಿಪ್ಪರಗಿಯಿಂದ ಬಂದು ಕಬ್ಬಿನಹಾಲಿನ ಗಾಡಿ ನಡೆಸುವ ಅಣ್ಣಾಸಾಹೇಬ ಹೇಳಿಸಿಕೊಳ್ಳದೆ ಎದ್ದ. “ನಾ ಇನ್ನೂ ಏನೂ ಅಂದಿಲ್ಲ. ಆದ್ರ ಅನ್ನಾಂವಿದ್ದೆ.”

ಕಂಬದ ಕೆಳಗೆ ಮೂವರಾದರು. ಕಟ್ಟೆ ಖಾಲಿಯಾಯಿತು. ಗೂಳಪ್ಪ ಜನ್ಮ ಸಾರ್ಥಕವಾದವನಂತೆ ಮೀಸೆ ತಿರುವಿ ಒಳಗೆ ಕೂಗಿದ: “ಏ ಪೂರ್ಣಿಮಾನ ಅವ್ವಾ, ರೊಟ್ಟಿ ರಂಜಕ ತಾ. ಈಗ ಉಪ್ಪಿಂದು ಒಂದು ನಿರ್ಣಯ ಆಗಿಬಿಡ್ಲಿ.”

ಯಲ್ಲವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. “ನಿಮಗ ಉಪ್ಪು ಬೇಕು, ಹೌದಲ್ರಿ?”

“ಬೇಕು ಮತ್ತ.”

“ಹಂಗಾದ್ರ ನೀವೂ ಕಂಬದ ಹಂತ್ಯಾಕ ನಡೀರಿ.”

“ನಾ ಏನ್ ಮಾರ್ತೇನ್ಲೇ?”

“ನಾಲಿಗಿಗೆ ಕಿಡ್ನಿ ಮಾರಾಕತ್ತೀರಿ.”

ಗೂಳಪ್ಪ ಚಪ್ಪಲಿ ಮೆಟ್ಟಿಕೊಂಡು ಹೋಗಿ ಕಂಬದ ಕೆಳಗೆ ನಾಲ್ಕನೆಯವನಾಗಿ ನಿಂತ. ಅಣ್ಣಾಸಾಹೇಬ ಸರಿದು ನೆರಳಲ್ಲಿ ಜಾಗ ಕೊಟ್ಟ.

ಅತ್ತೆಯಿಲ್ಲ, ನಾದಿನಿಯಿಲ್ಲ, ತಾಯಿ ಮಗಳಿಬ್ಬರದೇ ಸಭೆ. ಬೇಗ ಮುಗಿಯಿತು. ಯಲ್ಲವ್ವ ಡಬ್ಬಿ ತಂದು ಗಟಾರಿಗೆ ಸುರಿದಳು. ವೀರಣ್ಣ ಕಂಬ ಹಿಡಿದುಕೊಂಡು ಬೇರೆ ಕಡೆ ನೋಡಿದ. “ಗುಳಿಗಿ ತಪ್ಪಿಸಂಗಿಲ್ಲ,” ಎಂದು ಅವಳು ಓಣಿಗೆಲ್ಲ ಕೇಳುವಂತೆ ಸಾರಿದಳು. “ರಂಜಕ ಬಂದ್. ಮುಂದಿನ ಸಲ ರಕ್ತಾ ತೋರಿಸಿದ ಮ್ಯಾಲ ಮತ್ತ ಕೂತು ನೋಡೂಣು. ಬರ್‍ರಿ ಇನ್ನ, ರೊಟ್ಟಿ ಆರ್ತಾವು.”

ಗೂಳಪ್ಪ ಒಳಗೆ ಬಂದು ತಾಟಿನ ಮುಂದೆ ಕೂತ. ರೊಟ್ಟಿ, ಉಪ್ಪು ಇಳಿಸಿ, ಲಿಂಬೆ ಹಿಂಡಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಪಲ್ಯ. ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದ. ಯಲ್ಲವ್ವ ಗುಳಿಗೆ, ನೀರಿನ ತಂಬಿಗೆ ಪಕ್ಕಕ್ಕಿಟ್ಟು ಕೇಳಿದಳು.

“ಆಕ್ಷೇಪಣೆ ಐತೇನ್ರಿ?”

“ಐತಿ.”

“ಹೇಳ್ರಿ.”

“ರೊಟ್ಟಿ ಬರೇ ಒಂದ ಹಾಕೀದಿ.”