ದೂಡಿದರೆ ಹೊರಡುವ ಜೀಪು

ಪೊಲೀಸ್ ಡ್ರೈವರ್ ಸುಂದರನ ಇಡೀ ಸರ್ವಿಸು ಒಂದೇ ಜೀಪಿನಲ್ಲಿ ಕಳೆಯಿತು. ಆ ಜೀಪು ಒಮ್ಮೆ ಕೆಮ್ಮಿದರೆ ಪಡೀಲಿನ ಕೋಳಿಗಳು ಹೆದರಿ ಬಂಟ್ವಾಳಕ್ಕೆ ಹೋಗಿ ಮೊಟ್ಟೆ ಇಡುತ್ತಿದ್ದವು. ದೂಡದೆ ಅದು ಹೊರಟದ್ದನ್ನು ಕಂಡವರಿಲ್ಲ. ಠಾಣೆಯ ಅಂಗಳ ಸಪಾಟು. ಇಳಿಜಾರು ಇದ್ದದ್ದು ಪಡೀಲಿನಲ್ಲಿ, ಸುಂದರನ ಬಾಡಿಗೆ ಮನೆಯ ಎದುರು. ಹಾಗಾಗಿ ಜೀಪಿಗೂ ಬಿಡಾರ ಅಲ್ಲೇ. ಬೆಳಿಗ್ಗೆ ಹೆಂಡತಿ ಕುಶಲಾ ಸೆರಗು ಸಿಕ್ಕಿಸಿ ಎರಡೂ ಕೈಯಿಂದ ದೂಡುವಳು. ಇಳಿಜಾರಿನ ಕೊನೆಯಲ್ಲಿ ಇಂಜಿನಿಗೆ ಜೀವ ಬರುವುದು. ಸಿಕ್ಕಿಬಿದ್ದ ಕಳ್ಳರಿಂದಲೂ ದೂಡಿಸಿದ್ದುಂಟು. ಒಬ್ಬ ಜೇಬುಗಳ್ಳನಂತೂ ಠಾಣೆಯ ತನಕ ದೂಡಿ, ಯಾರೂ ಕೇಳುವ ಮೊದಲೇ ತಾನು ಮಾಡದ ಕಳ್ಳತನಗಳನ್ನೂ ಒಪ್ಪಿಕೊಂಡನಂತೆ.

ಇಂಥ ಜೀಪಿನಲ್ಲಿ ಸುಂದರ ಯಾರನ್ನೂ ಬೆನ್ನಟ್ಟಿರಲಿಲ್ಲ. ಆದರೆ ಮದುವೆಯ ಹೊಸದರಲ್ಲಿ ಕುಶಲಾ ತಾಯಿಮನೆಯ ನೆನಪಾಗಿ ಗಂಜಿ ಮುಟ್ಟದೆ ಕೂತಾಗ, ಹೇಗಾದರೂ ಉಣ್ಣಿಸಬೇಕಲ್ಲ ಎಂದು ಒಂದು ಕಥೆ ಕಟ್ಟಿದ: ನಂತೂರಿನಲ್ಲಿ ಎರಡು ಲಾರಿಗಳ ಸಂದಿಯಲ್ಲಿ ಜೀಪನ್ನು ಒಂದೇ ಬದಿಯ ಚಕ್ರಗಳ ಮೇಲೆ ಓಡಿಸಿ, ಕಳ್ಳಸಾಗಣೆಯ ಕಾರು ಹಿಡಿದದ್ದು. ಅವಳು ಬಾಯಿ ತೆರೆದು ಕೇಳಿದಳು. ತೆರೆದ ಬಾಯಿಗೆ ಗಂಜಿ ಹೋಯಿತು. ಅಂದಿನಿಂದ ಜ್ವರ ಬಂದರೂ ಬೇಸರ ಬಂದರೂ ನಂತೂರಿನದ್ದು ಹೇಳಿ ಎನ್ನುವಳು. ವರ್ಷ ಹೋದಂತೆ ಎರಡಿದ್ದ ಲಾರಿ ಆರಾದವು, ಕಳ್ಳನಿಗೆ ಮೀಸೆ ಬೆಳೆಯಿತು. ಅವಳು ನಂಬಿದ್ದಾಳೆ ಎಂಬುದೇ ಸುಂದರನಿಗೆ ಸರಕಾರ ಕೊಡದೆ ಬಿಟ್ಟ ಪದಕ.

ಅವನು ರಿಟೈರಾದ ಮೇಲೆ, ಎಂಬತ್ತಾರನೇ ಇಸವಿಯಲ್ಲಿ, ಬಹರೈನಿನಿಂದ ಮರಳಿದ ಬಾಸಿಲ್ ಕಂಕನಾಡಿಯಲ್ಲಿ ವಿಡಿಯೋ ಗೇಮಿನ ಅಂಗಡಿ ಹಾಕಿದ. ಅಲ್ಲಿ ಸೀಟು, ಸ್ಟೇರಿಂಗು, ಪೆಡಲು ಎಲ್ಲ ಇದ್ದ ದೊಡ್ಡ ಪೆಟ್ಟಿಗೆಯೊಂದು, ಎದುರಿಗೆ ಪರದೆ. ಅಮೆರಿಕದ ಹಳೆಯ ಟಿ.ವಿ. ಪೊಲೀಸ್ ಧಾರಾವಾಹಿಯ ಮೇಲೆ ಮಾಡಿದ ಆಟವಂತೆ. ಪೊಲೀಸ್ ಕಾರು ಓಡಿಸಿ, ಸಮಯ ಮುಗಿಯುವುದರೊಳಗೆ ಕಳ್ಳನ ಕೆಂಪು ಕಾರು ಹಿಡಿಯಬೇಕು. ಆ ಧಾರಾವಾಹಿಯನ್ನು ಬಾಸಿಲ್ ಗಲ್ಫಿನಲ್ಲಿ ಒಂದು ಕಂತೂ ಬಿಡದೆ ನೋಡಿದ್ದ. ಮೀನು ಕೊಳ್ಳಲು ಪೇಟೆಗೆ ಬಂದ ಗಂಡಹೆಂಡಿರನ್ನು ಕಂಡು, ಸುಂದರಣ್ಣನಂಥ ನಿಜದ ಪೊಲೀಸ್ ಡ್ರೈವರ್ ಒಮ್ಮೆ ಕೂತರೆ ಪೆಟ್ಟಿಗೆಗೇ ಮರ್ಯಾದೆ ಎಂದು ಒಳಗೆ ಕರೆದ. ಸುಂದರ ಮೊಣಕಾಲು ನೋವೆಂದ. ಕನ್ನಡಕ ಮರೆತೆನೆಂದ. ಕನ್ನಡಕ ಮೂಗಿನ ಮೇಲೆಯೇ ಇತ್ತು.

"ಕೂತುಕೊಳ್ಳಿ," ಎಂದಳು ಕುಶಲಾ. "ನಂತೂರಿನದ್ದು ಕೇಳಿದ್ದು ಮಾತ್ರ. ಒಮ್ಮೆ ನೋಡ್ತೇನೆ."

ಇಷ್ಟು ವರ್ಷದ ಪದಕ ಈಗ ಕಳಚಿ ಬೀಳುತ್ತದೆ ಎಂದುಕೊಂಡೇ ಸುಂದರ ಕೂತ. ಎಡಬದಿ ಬಿಡದೆ ಹೊರಟ. ತಿರುವು ಬಂದಾಗ ಪೆಟ್ಟಿಗೆಯ ಹೊರಗೆ ಕೈ ಚಾಚಿ ಸಿಗ್ನಲ್ ಕೊಟ್ಟ. ಅಡ್ಡ ಬಂದ ಕಾರಿಗೆ ನಿಂತು ದಾರಿ ಬಿಟ್ಟ. ಹಾರ್ನ್ ಹುಡುಕಿದ, ಇರಲಿಲ್ಲ. ಅಷ್ಟರಲ್ಲಿ ಕೆಂಪು ಕಾರು ಅಮೆರಿಕ ಮುಗಿಸಿ ಚಾರ್ಮಾಡಿ ಘಾಟಿ ಹತ್ತಿರಬೇಕು. ಸುತ್ತ ನಿಂತ ಕಾಲೇಜು ಹುಡುಗರು ನಕ್ಕರು. ಸಮಯ ಮುಗಿದು ಪರದೆಯ ಮೇಲೆ ಕಾರು ನಿಂತೇ ಹೋಯಿತು.

ಸುಂದರನ ಅಂಗಿ ಒದ್ದೆಯಾಗಿತ್ತು. ಹಿಂದೆ ನಿಂತವಳ ಮುಖ ನೋಡುವ ಧೈರ್ಯವಾಗದೆ ಪರದೆಗೇ ಹೇಳಿದ: "ಕುಶಲಾ, ನಂತೂರಿನದ್ದು... ಹಾಗೆ ಎಂತದ್ದೂ ಆಗಿರಲಿಲ್ಲ."

"ಗೊತ್ತುಂಟು. ದಿನಾ ಬೆಳಿಗ್ಗೆ ಅದನ್ನು ದೂಡಿದ್ದು ನಾನಲ್ವಾ? ಅದು ಎಷ್ಟು ಓಡ್ತದೆ ಅಂತ ನನಗೆ ಗೊತ್ತಿಲ್ವಾ?"

"ಮತ್ತೆ ಪ್ರತಿ ಸಲ ಯಾಕೆ ಕೇಳಿದ್ದು ಮಾರಾಯ್ತಿ?"

"ನಾನು ಉಣ್ಲಿಕ್ಕೆ ಬೇಕಾಗಿ ಇಷ್ಟು ದೊಡ್ಡ ಸುಳ್ಳು ಹೇಳುವವರು ತಾಯಿಮನೆಯಲ್ಲೂ ಇರಲಿಲ್ಲ."

ಹೇಳಿದವಳೇ ಮೀನಿನ ಚೀಲವನ್ನು ಬಾಸಿಲನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಸೀಟಿನ ಬೆನ್ನಿಗೆ ಎರಡೂ ಕೈ ಕೊಟ್ಟು ನಿಂತಳು. ಆಟ ಮತ್ತೆ ಶುರುವಾಗಲೆಂದು ಬಾಸಿಲ್ ಪೆಟ್ಟಿಗೆಗೆ ತನ್ನದೇ ಒಂದು ಬಿಲ್ಲೆ ಹಾಕಿದ.

"ಹೂಂ, ಗೇರ್ ಹಾಕಿ. ದೂಡ್ತೇನೆ."

ಆ ದೂಡಿದ ಜೋರಿಗೆ ಅಂಗಡಿಯೇ ಪಂಪ್‌ವೆಲ್ ಕಡೆಗೆ ಒಂದು ಗೇಣು ಸರಿಯಿತೆಂದು ಕಂಕನಾಡಿಯವರು ಹೇಳುತ್ತಾರೆ. ಸುಂದರ ಕೈ ಹೊರಗೆ ಚಾಚುವುದನ್ನು ಮರೆತ, ಎಡಬದಿಯನ್ನೂ ಮರೆತ, ಜೀವಮಾನದಲ್ಲಿ ಮೊದಲ ಸಲ ಬೆನ್ನಟ್ಟಿದ. ಕೆಂಪು ಕಾರಿನ ಹಿಂಭಾಗ ಕಂಡಿತು. ಸಿಗಲಿಲ್ಲ.

ಸಂಜೆ ನೆರೆಮನೆಯ ಲೂರ್ಡ್ಸ್ ಬಾಯಮ್ಮ ಬೇಲಿಯ ಆಚೆಯಿಂದ ಬಾಸಿಲನ ಅಂಗಡಿಯ ಸುದ್ದಿ ವಿಚಾರಿಸಿದಾಗ, ಜಗಲಿಯಲ್ಲಿದ್ದ ಸುಂದರ ತಲೆ ತಗ್ಗಿಸಿದ. ಕುಶಲಾ ಮೀನು ತೊಳೆಯುತ್ತಲೇ ಹೇಳಿದಳು: ಕಳ್ಳ ಸಿಕ್ಕಿದ, ಅದೂ ಒಂದೇ ಬದಿಯ ಚಕ್ರಗಳಲ್ಲಿ, ಲಾರಿ ಈ ಸಲ ಎಂಟು ಇದ್ದವು.